ಮೆಟ್ಟಿಲು ಎಲ್ಲಿ?

ದೊಡ್ಡ ಮಾವನಿಗೆ,

ನಿಮ್ಮ ತಂಗಿಯ ಮಗಳು ಮಾಡುವ ನಮಸ್ಕಾರಗಳು. ಕ್ಷೇಮ ಸಮಾಚಾರಕ್ಕೆ ಮುಂಚೆ ಒಂದು ಮಾತು. ನಾನು ಮಾಡಿಕೊಟ್ಟ ಕನ್ನಡಕ ಹಾಕಿಕೊಂಡು ಇದನ್ನು ಓದಿ. ಹರಿದು ಹಾಕುವುದಾದರೆ ಪೂರ್ತಿ ಓದಿ ಆಮೇಲೆ ಹರಿಯಿರಿ.

ನಾನು ಮನೆ ಕೊಳ್ಳುವಾಗ ಮನೆಯಲ್ಲೇ ವಕೀಲರಾದ ನಿಮ್ಮನ್ನು ಬಿಟ್ಟು ಹೊರಗಿನ ವಕೀಲರನ್ನು ಹಿಡಿದೆ. ಅವರಿಗೆ ನನ್ನ ಒಂದು ತಿಂಗಳ ಸಂಪಾದನೆಯನ್ನು ಫೀಸಾಗಿ ಕೊಟ್ಟೆ. ಮೂವತ್ತು ವರ್ಷದಿಂದ ನೆಂಟರಿಷ್ಟರ ಮನೆ, ಸೈಟು, ಅಂಗಡಿಗಳ ಪತ್ರಗಳನ್ನೆಲ್ಲ ಬಿಡಿಗಾಸು ಮುಟ್ಟದೆ ಮಾಡಿಕೊಟ್ಟವರು ನೀವು. ನಿಮಗೆ ಸಿಟ್ಟು ಬಂದದ್ದು ಸಹಜ. ಆದರೆ ಆ ಸಿಟ್ಟಿನಲ್ಲಿ ಅಮ್ಮನಿಗೆ ಫೋನ್ ಮಾಡಿ, "ಆ ಮನೆಗೆ ಕಾಲಿಟ್ರೆ, ಅಣ್ಣ ಅಂತ ಒಬ್ಬ ಇದ್ದ ಅನ್ನೋದನ್ನ ಮರೆತುಬಿಡು" ಅಂದಿರಲ್ಲ, ಅದು ಯಾವ ನ್ಯಾಯ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ನನ್ನ ಜೊತೆ ಬರಲೆಂದು ಕಟ್ಟಿಟ್ಟಿದ್ದ ಪಾತ್ರೆಗಳನ್ನು ಅಮ್ಮ ಮತ್ತೆ ಬಿಚ್ಚಿ ಕಪಾಟಿನಲ್ಲಿ ಜೋಡಿಸಿದ್ದಾಳೆ. ಒಂದು ತಿಂಗಳಿಂದ ಅವಳು ಆ ಹಳೇ ಮಹಡಿಯಲ್ಲಿ ಒಬ್ಬಳೇ, ನಾನು ಇಲ್ಲಿ ಒಬ್ಬಳೇ.

ಅದೇ ಫೋನಿನಲ್ಲಿ ನೀವೊಂದು ಗಾದೆ ಬೇರೆ ಹೇಳಿದಿರಂತೆ, ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಅಂತ. ಪುಕ್ಕಟೆ ಬಟ್ಟೆಯನ್ನು ಕದ್ದು ಅಳೆದವಳು ನಾನು! ಸರಿ, ಒಪ್ಪಿದೆ. ನನಗೆ ಮೊಳ ಹಾಕಲೇಬೇಕಿತ್ತು. ಹಿತ್ತಲಿಗೆ ಹೋಗಿ ಕದ್ದು ಅಳೆಯುವುದು ಬೇಡ, ಎದುರಲ್ಲೇ ಕೂತು ಅಳೆಯೋಣ ಎಂದು ದುಡ್ಡು ಕೊಟ್ಟೆ.

ನಿಮ್ಮ ಕನ್ನಡಕದ ಕಥೆ ನೆನಪಿದೆಯೇ? ದುಡ್ಡು ಬೇಡ ಮಾವ ಅಂದರೂ ಕೇಳದೆ ನನ್ನ ಗಲ್ಲಾಪೆಟ್ಟಿಗೆಯ ಮೇಲೆ ನೋಟು ಇಟ್ಟಿರಿ. ಆಮೇಲೆ ಒಂದೇ ವಾರದಲ್ಲಿ ಮೂರು ಸಲ ಅಂಗಡಿಗೆ ಬಂದಿರಿ. "ಮೂಗಿನ ಮೇಲೆ ಒತ್ತುತ್ತೆ." "ಎಡಗಡೆ ಸೊಟ್ಟ ಇದೆ." "ದುಡ್ಡು ಕೊಟ್ಟಿದೀನಮ್ಮ, ಸುಮ್ನೆ ಬಂದಿಲ್ಲ." ಮೂರು ಸಲವೂ ಬಿಸಿ ಮಾಡಿ, ಬಗ್ಗಿಸಿ, ತಿದ್ದಿ ಕೊಟ್ಟೆ. ಬಿಟ್ಟಿ ಕೊಟ್ಟಿದ್ದರೆ ಒತ್ತುವ ಕನ್ನಡಕವನ್ನೇ ಹಾಕಿಕೊಂಡು, ಚೆನ್ನಾಗಿದೆ ಅನ್ನುತ್ತಿದ್ದಿರಿ. ಅಮ್ಮ ಹತ್ತೊಂಬತ್ತು ವರ್ಷದಿಂದ ಹಾಗೇ ಅನ್ನುತ್ತಿದ್ದಾಳೆ.

ಅಪ್ಪ ಹೋದ ಮೇಲೆ ಅವರ ಕಾರ್ಖಾನೆಯಿಂದ ಬಂದ ಹಣದಲ್ಲಿ ಅಮ್ಮ ಆ ಮಹಡಿ ಮನೆ ಕೊಂಡಳು. ಅದರ ಪತ್ರವನ್ನು ನೀವು ನಮ್ಮ ಊಟದ ಮೇಜಿನ ಮೇಲೆ ಒಂದೇ ಮಧ್ಯಾಹ್ನದಲ್ಲಿ ಬರೆದು ಮುಗಿಸಿದಿರಿ. ಆಗ ನನಗೆ ಹನ್ನೆರಡು. ಅಮ್ಮ ಒಂದು ಪುಟ ಕೈಗೆತ್ತಿಕೊಂಡಾಗ, "ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ನಕ್ಕಿರಿ. ಅಮ್ಮ ಪುಟ ಕೆಳಗಿಟ್ಟು ಸಹಿ ಹಾಕಿದಳು. ಆ ಪತ್ರದಲ್ಲಿ ಎರಡು ಕೋಣೆ, ಅಡುಗೆಮನೆ, ಬಚ್ಚಲು ಎಲ್ಲ ಇವೆ. ಮನೆಗೆ ಹತ್ತುವ ಮೆಟ್ಟಿಲು ಮಾತ್ರ ಇಲ್ಲ. ಅದು ಕೆಳಗಿನ ಮನೆಯವರ ಪಾಲಿಗೆ ಉಳಿಯಿತು.

ಅವರು ಕೆಟ್ಟವರೇನಲ್ಲ, ಆದರೆ ಮೆಟ್ಟಿಲು ಅವರದು. ಮಧ್ಯಾಹ್ನ ಅವರು ಮಲಗಿದರೆ ಕೆಳಗಿನ ಗೇಟಿಗೆ ಬೀಗ. ಅವರು ಏಳುವ ತನಕ ಅಮ್ಮ ತರಕಾರಿ ಚೀಲ ಹಿಡಿದು ಎದುರಿನ ಔಷಧಿ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಾಳೆ. ಹತ್ತುವಾಗ ಸದ್ದಾಗಬಾರದೆಂದು ಚಪ್ಪಲಿಯನ್ನು ಕೆಳಗೇ ಬಿಚ್ಚಿ ಕೈಯಲ್ಲಿ ಹಿಡಿದು ಹತ್ತುತ್ತಾಳೆ. ಅದು ಅಮ್ಮನ ಮಡಿ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ನಿಮಗೆ ಇದೊಂದೂ ಗೊತ್ತಿಲ್ಲ, ಬಲ್ಲೆ. ನೀವು ಬರುವ ದಿನ ಅಮ್ಮ ಮೊದಲೇ ಕೆಳಗಿಳಿದು, ಅವರನ್ನು ಬೇಡಿಕೊಂಡು, ಗೇಟು ತೆಗೆಸಿಟ್ಟಿರುತ್ತಿದ್ದಳು. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ಪಾಪ, ದುಡ್ಡೂ ತಗೊಳ್ದೆ ಮಾಡ್ಕೊಟ್ಟಿದಾನೆ. ಅಣ್ಣನ ಹತ್ರ ತಪ್ಪಾಗಿದೆ ಅಂತ ಹೇಗೆ ಹೇಳ್ಲಿ?" ಅಂದಳು.

ಹಾಗಾಗಿ ವಕೀಲರನ್ನು ಹುಡುಕಲು ನಾನೇ ಹೊರಟೆ. ಮೊದಲನೆಯವರು ಮನೆ ತೋರಿಸಿದ ದಲ್ಲಾಳಿಯ ಕಡೆಯವರು. "ಎರಡೂ ಕಡೆಗೂ ನಾನೇ ನೋಡ್ತೀನಿ, ನಿಮಗೆ ಖರ್ಚೇ ಇಲ್ಲ" ಅಂದರು. ಎರಡು ದೋಣಿಯಲ್ಲಿ ಕಾಲಿಟ್ಟವರು ಮುಳುಗುವಾಗ ನನ್ನನ್ನೂ ಎಳೆದುಕೊಂಡು ಹೋಗುತ್ತಾರೆ ಎನಿಸಿ ಎದ್ದುಬಂದೆ. ಎರಡನೆಯವರು ನಾನು ಮಾತಾಡುವಷ್ಟು ಹೊತ್ತೂ ಮೊಬೈಲ್ ನೋಡುತ್ತಿದ್ದರು. ಮೂರನೆಯವರು ಒಬ್ಬ ಹೆಂಗಸು, ಜೆರಾಕ್ಸ್ ಅಂಗಡಿಯ ಮೇಲಿನ ಸಣ್ಣ ಕೋಣೆ. ಕೂರುವ ಮುಂಚೆಯೇ ಫೀಸು ಎಷ್ಟು ಅಂದರು. ಅದರಲ್ಲಿ ಯಾವ ಕೆಲಸ ಸೇರಿದೆ, ಯಾವುದಕ್ಕೆ ಬೇರೆ ಕೊಡಬೇಕು ಎಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟರು. ದುಬಾರಿ ಎನಿಸಿತು. ಚೌಕಾಸಿಗೂ ಇಳಿದೆ, ಒಂದು ರೂಪಾಯಿಯನ್ನೂ ಇಳಿಸಲಿಲ್ಲ ಪುಣ್ಯಾತ್ಗಿತ್ತಿ. ಅವರೇ ಇರಲಿ ಅಂದುಕೊಂಡೆ.

ನಾನು ಕೊಳ್ಳುತ್ತಿದ್ದದ್ದೂ ಮಹಡಿ ಮನೆಯೇ. ಮಾರುವವರ ಕಡೆಯಿಂದ ಬಂದ ಕರಡು ಪತ್ರ ಓದುವ ದಿನ ಅಮ್ಮನನ್ನೂ ಕರೆದೊಯ್ದೆ. ವಕೀಲರು ಎದುರು ಕೂತು ಮೊದಲ ಎರಡು ಪುಟ ಗಟ್ಟಿಯಾಗಿ ಓದಿ, ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿ, "ಏನಾದ್ರೂ ಕೇಳೋದಿದ್ರೆ ಕೇಳಿಮ್ಮಾ, ಇದಕ್ಕೇ ಅಲ್ವಾ ಫೀಸು ಕೊಡ್ತಿರೋದು" ಅಂದರು. ಅಮ್ಮ ಸೆರಗಿನ ತುದಿ ಸುತ್ತುತ್ತಾ ಮೆಲ್ಲಗೆ, "ಮೆಟ್ಟಿಲು?" ಅಂದಳು. ವಕೀಲರು ಮುಂದಿನ ಪುಟ ತಿರುಗಿಸಿ ಅವಳ ಮುಂದೆ ಇಟ್ಟರು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಮೊದಲೇ ಬರೆದಿತ್ತು: ಮೆಟ್ಟಿಲು ಎಲ್ಲಿ?

ಅಮ್ಮ ಅಲ್ಲೇ ಅತ್ತುಬಿಟ್ಟಳು. ಹತ್ತೊಂಬತ್ತು ವರ್ಷ ನುಂಗಿಕೊಂಡ ಮಾತು ಯಾರೋ ಅಪರಿಚಿತರ ಕೈಬರಹದಲ್ಲಿತ್ತು. ಮಾರುವವರು "ಇಷ್ಟು ಸಣ್ಣ ವಿಷಯಕ್ಕಾ" ಎಂದು ಗೊಣಗಿದರು, ದಲ್ಲಾಳಿ ಕೂಗಾಡಿದ. ಮೆಟ್ಟಿಲು ಪತ್ರಕ್ಕೆ ಬರುವ ತನಕ ಮುಂಗಡ ಕೊಡಲು ನಮ್ಮ ವಕೀಲರು ಬಿಡಲಿಲ್ಲ. ಈಗ ಹನ್ನೆರಡು ಮೆಟ್ಟಿಲೂ ನನ್ನ ಹೆಸರಿನಲ್ಲಿವೆ.

ನಿಮ್ಮ ಮೇಲೆ ನನಗೆ ಪ್ರೀತಿ ಕಡಿಮೆಯಾಗಿಲ್ಲ. ಅಪ್ಪ ಇಲ್ಲದ ಮೇಲೆ ನನ್ನ ಶಾಲೆಯ ಪ್ರತಿ ಅರ್ಜಿಗೂ ಸಹಿ ಹಾಕಿದವರು ನೀವು. ಆದರೆ ತಪ್ಪಾಯಿತು ಎಂದು ನಾನು ಹೇಳುವುದಿಲ್ಲ. ನಾಳೆ ಇನ್ನೊಂದು ಮನೆ ಕೊಂಡರೂ ಹೀಗೇ ಮಾಡುತ್ತೇನೆ.

ನಿನ್ನೆ ಅಮ್ಮನ ಹತ್ತಿರ ಹೋಗಿದ್ದೆ. "ಅಣ್ಣ ಬೇಜಾರು ಮಾಡ್ಕೋತಾನೆ" ಅಂದಳು. "ನಿಂಗೆ ಬರೋಕೆ ಇಷ್ಟ ಇದೆಯಾ, ಅದನ್ನ ಹೇಳು" ಅಂದೆ. ಕಪಾಟಿನ ಕಡೆ ನೋಡಿದಳು. "ಶನಿವಾರಕ್ಕೆ ಗಾಡಿ ಹೇಳು" ಅಂದಳು.

ಆ ಹಳೇ ಮನೆ ಇನ್ನೂ ಅಮ್ಮನ ಹೆಸರಿನಲ್ಲಿದೆ. ಕೆಳಗಿನವರ ಹತ್ತಿರ ಮಾತಾಡಿ ಅದರ ಮೆಟ್ಟಿಲ ಹಕ್ಕನ್ನು ಬರೆಸಿಕೊಡುವ ಮನಸ್ಸಿದ್ದರೆ ನೀವೇ ಮಾಡಿಕೊಡಿ. ಫೀಸು ಎಷ್ಟೆಂದು ಮೊದಲೇ ಹೇಳಿ, ತಗೊಳ್ಳಿ. ಅಮ್ಮ ಪ್ರತಿ ಪುಟಕ್ಕೂ ಪ್ರಶ್ನೆ ಕೇಳುತ್ತಾಳೆ, ಸಿದ್ಧವಾಗಿರಿ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲಿಗೆ ಬನ್ನಿ. ಬರದಿದ್ದರೂ ನಿಮ್ಮ ತಂಗಿ ಬರುತ್ತಾಳೆ. ಚಪ್ಪಲಿ ಹಾಕಿಕೊಂಡು, ಟಪಟಪ ಸದ್ದು ಮಾಡಿಕೊಂಡು ಹನ್ನೆರಡೂ ಮೆಟ್ಟಿಲು ಹತ್ತುತ್ತಾಳೆ.

ನಿಮ್ಮ ಆಶೀರ್ವಾದ ಬೇಕು, ಅಪ್ಪಣೆ ಬೇಡ. ದೇವರು ನಿಮ್ಮ ಕಣ್ಣು ಚೆನ್ನಾಗಿಟ್ಟಿರಲಿ.

ಇಂತಿ, ಎದುರಲ್ಲೇ ಮೊಳ ಹಾಕಿದ
ನಿಮ್ಮ ತಂಗಿಯ ಮಗಳು