ಜನರಲ್ ಸಾಹೇಬರ ಮಸ್ಟರಿಂಗ್

ಬೋವಿಕಾನ
14 ನವೆಂಬರ್ 2024, ಗುರುವಾರ

ಪ್ರೀತಿಯ ಪ್ರವೀಣಾ,

ಹೇಗಿದ್ದೀ ಮಗಾ? ಕೈ ಸುಟ್ಟದ್ದು ವಾಸಿಯಾಯಿತಾ? ಬರೇ ಬೆಣ್ಣೆ ಹಚ್ಚಿ ಕೂರಬೇಡ, ಡಾಕ್ಟರಿಗೆ ತೋರಿಸು. ಇಲ್ಲಿ ನನ್ನ ಮಂಡಿನೋವು ಒಂದು ಬಿಟ್ಟರೆ ಎಲ್ಲ ಸೌಖ್ಯ. ಅಬುಧಾಬಿಗೆ ಫೋನು ಮಾಡಿದರೆ ‘ಒಲೆಯ ಮೇಲೆ ಉಂಟಮ್ಮಾ, ಆಮೇಲೆ’ ಎಂದು ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ.

ಸೋಮವಾರ ಅಪ್ಪ ನಿನಗೆ ಫೋನು ಮಾಡಿದರಲ್ಲ, ಅದರ ಹಿಂದಿನ ಕಥೆ ನಿನಗೆ ಗೊತ್ತಿಲ್ಲ. ಪಿಂಚಣಿಯವರು ತಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ಸರ್ಕಾರಿ ಕಾಗದಪತ್ರ ಮಾಡಿಕೊಡುವ ಅಕ್ಷಯ ಕೇಂದ್ರದಲ್ಲಿ ತೋರಿಸುವುದಕ್ಕೆ ಈ ಊರಲ್ಲಿ ಮಸ್ಟರಿಂಗ್ ಅನ್ನುತ್ತಾರೆ. ನಿವೃತ್ತರಾಗಿ ಊರಿಗೆ ಬಂದ ಮೇಲೆ ಅವರಿಗೆ ಇದು ಮೊದಲ ಸಲ. ಮಸ್ಟರ್ ಅಂದರೆ ಅವರ ಪಾಲಿಗೆ ಬೆಳಗಿನ ಹಾಜರಿ ಪರೇಡು. ಐದಕ್ಕೇ ಎದ್ದು, ಗಡ್ಡ ಹೆರೆದು, ಕೋಟಿಗೆ ಎರಡು ಸಾಲು ಪದಕ ಚುಚ್ಚಿಕೊಂಡು, ಆರೂವರೆಗೆ ಮುಚ್ಚಿದ ಬಾಗಿಲೆದುರು ಸೆಟೆದು ನಿಂತರು. ಜೊತೆಗಿದ್ದ ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಒಂಬತ್ತಕ್ಕೆ ಬಾಗಿಲು ತೆರೆದ ಜಸೀನಾ, ನಮ್ಮ ಮಮ್ಮಾಲಿಯ ಮಗಳು, ‘ಮದುವೆಗೆ ಹೊರಟದ್ದಾ ಸಾರ್?’ ಎಂದು ಕೇಳಿಯೇಬಿಟ್ಟಳು.

ಮೂವತ್ತೆಂಟು ವರ್ಷದ ಸೇವೆ, ಹತ್ತೊಂಬತ್ತು ವರ್ಗ, ಕೊನೆಗೆ ಐವತ್ತು ಸಾವಿರ ಸೈನಿಕರ ಮೇಲೆ ಲೆಫ್ಟಿನೆಂಟ್ ಜನರಲ್. ಸಿಯಾಚಿನ್ನಿನ ಹಿಮ ತಿಂದ ಅವರ ಹೆಬ್ಬೆರಳನ್ನು ಆ ಯಂತ್ರ ಮಾತ್ರ ಗುರುತಿಸಲೇ ಇಲ್ಲ. ‘ಹಾಗಾದ್ರೆ ಒಟಿಪಿ ಬೇಕು ಸಾರ್’ ಎಂದು ಜಸೀನಾ ಆಧಾರಿನಲ್ಲಿದ್ದ ಫೋನ್ ನಂಬರಿನ ಕೊನೆಯ ಅಂಕೆಗಳನ್ನು ಓದಿದಳು. ನಿನ್ನ ನಂಬರು. ಹಿಂದೆ ಎಲ್ಲರ ಕಾರ್ಡೂ ಮಾಡಿಸಿದವನು ನೀನೇ ಅಲ್ಲವಾ?

ನೀನು ಡೆಹ್ರಾಡೂನಿನ ಸೈನ್ಯದ ತರಬೇತಿ ಬಿಟ್ಟು ಅಡುಗೆ ಕಲಿಯಲು ಹೋದಂದಿನಿಂದ, ನಾಲ್ಕು ವರ್ಷ, ಅವರು ನಿನ್ನ ಹೆಸರೆತ್ತಿದವರಲ್ಲ. ಈಗ ಅವರು ಬದುಕಿದ್ದಾರೆಂದು ನೀನೇ ಹೇಳಬೇಕಾಯಿತು. ನಾನೇ ಮಾಡುತ್ತೇನೆಂದು ಫೋನಿಗೆ ಕೈ ಚಾಚಿದೆ, ಬೇಡವೆಂದರು. ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು ನಿನಗೆ ಮಾಡಿದರು. ನಿನಗೆ ಕೇಳಿಸಿದ್ದು ‘ನಂಬರ್ ಹೇಳು’ ಎಂಬುದಷ್ಟೇ. ಆ ಆರು ಅಂಕೆಯನ್ನು ಒಂದೊಂದಾಗಿ, ದೊಡ್ಡದಾಗಿ ಬರೆದುಕೊಂಡರು ಮಗಾ, ನಾನು ಕಂಡೆ. ಫೋನಿಟ್ಟು, ‘ಅವನ ಸ್ವರ ದಪ್ಪ ಆಗಿದೆ’ ಎಂದರು. ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು ನನಗೆ. ಬರುವ ದಾರಿಯಲ್ಲಿ ಹೋಟೆಲಿನ ಗೋಳಿಬಜೆ ತಿಂದು, ‘ಇದಕ್ಕೆ ಹುಳಿ ಸಾಲದು. ಅವನಾಗಿದ್ದರೆ…’ ಎಂದು ಅರ್ಧಕ್ಕೇ ನಿಲ್ಲಿಸಿದರು.

ಹೊತ್ತಿಗೆ ಸರಿಯಾಗಿ ಉಣ್ಣು. ಊರಿಗೆಲ್ಲ ಬಡಿಸುವವನು ತಾನು ಉಪವಾಸ ಇರಬಾರದು. ನಿನ್ನ ಕೈಗುಣ ಹೆಚ್ಚಲಿ.

ನಿನ್ನ ಅಮ್ಮ,
ಕಮಲ

ವಿ.ಸೂ.: ಊರಿನ ಹಳೆಯ ಸಿಮ್ ಬಿಟ್ಟುಬಿಡುತ್ತೇನೆ ಎಂದಿದ್ದೆಯಲ್ಲ, ಬಿಡಬೇಡ. ‘ಸಾರಿನದ್ದೇ ನಂಬರ್ ಹಾಕಿ ಕೊಡ್ತೇನೆ, ಇನ್ನು ಮಗನಿಗೆ ತೊಂದರೆ ಎಂತಕ್ಕೆ?’ ಎಂದಳು ಜಸೀನಾ. ಅಪ್ಪ ಒಪ್ಪಲಿಲ್ಲ. ‘ಅದೇ ಇರಲಿ. ಬರುವ ವರ್ಷವೂ ಮಸ್ಟರಿಂಗ್ ಉಂಟಲ್ಲ’ ಎಂದರು.