ತೊಟ್ಟಿಲಲ್ಲಿಟ್ಟ ಕಲ್ಲು

೧೨ ಅಕ್ಟೋಬರ್ ೧೯೯೭, ಭಾನುವಾರ

ಪ್ರೀತಿಯ ರಚ್ಚು,

ದಪ್ಪ ಅಕ್ಷರದಲ್ಲಿ ಬಿಡಿಸಿ ಬಿಡಿಸಿ ಬರೆಯುತ್ತಿದ್ದೇನೆ. ಮೈಸೂರಿನ ಐದನೇ ಕ್ಲಾಸಿಗೇ ನಿನ್ನ ಕನ್ನಡ ನಿಂತುಹೋಯಿತಲ್ಲ, ತಡವರಿಸಿದರೂ ಪರವಾಗಿಲ್ಲ, ಪೂರ್ತಿ ಓದು. ಗೊತ್ತಾಗದಿದ್ದರೆ ಪ್ರತಾಪನ ಕೈಲಿ ಓದಿಸಬೇಡ. ಅಳಿಯನ ಎದುರು ನನ್ನ ಮಾನ ಕಳೆಯುವ ಸಂಗತಿಗಳು ಇದರಲ್ಲಿವೆ.

ಏಳು ತಿಂಗಳು ತುಂಬಿತು. ಕಾಲು ಊದಿಕೊಂಡಿದೆಯೇ? ಎಡಮಗ್ಗುಲಿಗೆ ಮಲಗು. ಆಫೀಸಿನಲ್ಲಿ ಮೆಟ್ಟಿಲು ಹತ್ತಬೇಡ. ಇದನ್ನೆಲ್ಲ ಡಾಕ್ಟರೇ ಹೇಳಿರುತ್ತಾರೆ, ಆದರೂ ನಾನು ಹೇಳದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ.

ಹೋದ ತಿಂಗಳು ಫೋನಿನಲ್ಲಿ ನೀನು ಅಂದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. 'ಬಾಣಂತನಕ್ಕೆ ನೀನು ಬರೋದು ಬೇಡಮ್ಮ, ನಾನೂ ಪ್ರತಾಪೂ ಮ್ಯಾನೇಜ್ ಮಾಡ್ತೀವಿ. ಅಪ್ಪ ಹೋದಾಗಿಂದ ಎಲ್ಲದಕ್ಕೂ ಅಳ್ತೀಯ. ಐ ಕಾಂಟ್ ಟೇಕ್ ಕೇರ್ ಆಫ್ ಟೂ ಬೇಬೀಸ್' ಎಂದೆ. ಆಗಲಿ ಬಿಡು, ನನಗೂ ಇಲ್ಲಿ ಕೈತುಂಬ ಕೆಲಸ ಇದೆ ಎಂದೆ ನಾನು. ಫೋನಿಟ್ಟು ಅತ್ತೆ. ನೀನು ಹೇಳಿದ್ದೇ ನಿಜವಾಯಿತಲ್ಲ ಎಂದು ಇನ್ನೂ ಸ್ವಲ್ಪ ಅತ್ತೆ. ಆಮೇಲೆ ಮೂಗು ಒರೆಸಿಕೊಂಡು ಗರಾಜಿಗೆ ಹೋದೆ.

ನಿಮ್ಮಪ್ಪ ಹೋದ ಮೇಲೆ ನಾನು ಗರಾಜಿನ ಆ ಮೂಲೆಗೆ ಕಾಲಿಟ್ಟಿರಲಿಲ್ಲ. ಅಲ್ಲಿ ಹಳೇ ಬೆಡ್‌ಶೀಟ್ ಹೊದಿಸಿಟ್ಟ ಒಂದು ವಸ್ತು ಇದೆ, ನಿನಗೆ ಇಲ್ಲಿಯವರೆಗೂ ಹೇಳಿಲ್ಲ. ತೊಟ್ಟಿಲು. ನಿನ್ನ ಮದುವೆಯಾದ ತಿಂಗಳಲ್ಲೇ ಶುರುಮಾಡಿದ್ದರು. ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ ಕಣ್ರೀ, ಮಗಳ ಕಿವಿಗೆ ಬಿದ್ದರೆ ಏನಂದುಕೊಂಡಾಳು ಎಂದು ಬೈದೆ. 'ಕುಲಾವಿ ಎಲ್ಲಿ ಹೊಲಿದೆ, ಬರೀ ಒಂದು ಪೆಟ್ಟಿಗೆ ಮಾಡ್ತಿದೀನಿ' ಎಂದರು. ಪೆಟ್ಟಿಗೆಗೆ ಯಾರಾದರೂ ನಾಲ್ಕು ಮೂಲೆಗೂ ಹಿತ್ತಾಳೆ ಕೊಂಡಿ ಹಾಕುತ್ತಾರೆಯೇ?

ಆ ಕೊಂಡಿಯದ್ದೇ ಫಜೀತಿ. ನಂಜನಗೂಡಿನ ಅವರ ಮನೆಯಲ್ಲಿದ್ದ ಹಾಗೆ ಸರಪಳಿಯಲ್ಲಿ ತೂಗುಬಿಡುವ ತೊಟ್ಟಿಲನ್ನು ನೆನಪಿನಿಂದ ಮಾಡಿದರು. ಆ ಮನೆಯಲ್ಲಿ ತೇಗದ ತೊಲೆ ಇತ್ತು. ಅಮೆರಿಕದ ಜರ್ಮನ್‌ಟೌನ್‌ನ ನಮ್ಮ ಟೌನ್‌ಹೌಸಿನಲ್ಲಿ ಏನಿದೆ? ಲ್ಯಾಬಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಅಳೆಯುತ್ತಿದ್ದ ಮನುಷ್ಯ, ತಲೆಯ ಮೇಲೆ ತೊಲೆ ಇದೆಯೋ ಇಲ್ಲವೋ ಎಂದು ನೋಡಲೇ ಇಲ್ಲ. ಒಂದು ಭಾನುವಾರ ಹಾಲ್‌ನ ಸೀಲಿಂಗಿಗೆ ಕೊಕ್ಕೆ ತಿರುಗಿಸಿ ಎರಡು ಕೈಯಲ್ಲಿ ಜೋತುಬಿದ್ದು ಪರೀಕ್ಷೆ ಮಾಡಿದರು. ಮೇಲಿನ ಸುಣ್ಣದ ಹಲಗೆ ಹಲಗೆಯೇ ಮುರಿದು ಅವರ ನೆತ್ತಿಯ ಮೇಲೆ ಬಂತು. ಮೈಯೆಲ್ಲ ಬಿಳೀ ಪುಡಿ. ನಾನು ನಕ್ಕಿದ್ದೇ ನಕ್ಕಿದ್ದು, ಅವರು ನಗಲಿಲ್ಲ. ಸೀಲಿಂಗಿನ ತೇಪೆ ನೋಡಿ ಏನಾಯಿತು ಎಂದು ನೀನು ಕೇಳಿದಾಗ ನೀರು ಸೋರಿತ್ತು ಎಂದೆನಲ್ಲ, ಅದು ಸುಳ್ಳು.

ಹೋದ ವರ್ಷ ನಾವೆಲ್ಲ ಎಂದಿನಂತೆ ಬೆಟ್ಟದ ಬಾಡಿಗೆ ಕ್ಯಾಬಿನ್ನಿಗೆ, ಆ ಮರದ ಮನೆಗೆ, ಹೋಗಿದ್ದಾಗ ಅವರು ಊಟಕ್ಕೆ ಕೂತರೂ ಸೂರನ್ನೇ ನೋಡುತ್ತಿದ್ದುದು ನೆನಪಿದೆಯೇ? ಜೇಡ ಇದೆಯಾ ಅಪ್ಪಾ ಎಂದು ನೀನು ಕೇಳಿದೆ. ರಾತ್ರಿ ನನ್ನ ಹತ್ತಿರ 'ಮರ ಅಂದ್ರೆ ಇದು ನೋಡೇ, ಇಡೀ ದಿಮ್ಮಿ. ಮುಂದಿನ ವರ್ಷ ಇಲ್ಲಿಗೇ ತಂದು ತೂಗುಹಾಕ್ತೀನಿ' ಎಂದರು. ಯಾರನ್ನು ಮಲಗಿಸುತ್ತೀರಿ ಎಂದೆ. ಕುರ್ಚಿ ಹತ್ತಿ ತೊಲೆಯ ದಪ್ಪವನ್ನು ಗೇಣು ಹಾಕಿ ಅಳೆದರು. ಶಿವರಾತ್ರಿ ಬರುವ ಮುಂಚೆಯೇ ಹೊರಟುಹೋದರು. ನಿನಗೆ ದಿನ ನಿಂತ ಸುದ್ದಿ ಅವರಿಗೆ ಸಿಗಲೇ ಇಲ್ಲ.

ತೊಟ್ಟಿಲಿಗೆ ಮೂರು ಬದಿ ಆಗಿತ್ತು, ಬಲಬದಿಯ ಕಂಬಿಗಳು ಬಾಕಿ ಇದ್ದವು. ನಾನು ಹೈಸ್ಕೂಲಿನಲ್ಲಿ ಸಂಜೆ ನಡೆಯುವ ಮರಗೆಲಸದ ಕ್ಲಾಸಿಗೆ ಸೇರಿದೆ. ಕ್ಲಾಸಿನಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ. ಮೊದಲ ದಿನವೇ ಸೆರಗು ಸೊಂಟಕ್ಕೆ ಸಿಕ್ಕಿಸಲು ಹೇಳಿದರು, ಎರಡನೇ ದಿನ ನಿನ್ನ ಹಳೇ ಜೀನ್ಸ್ ಹಾಕಿಕೊಂಡು ಹೋದೆ. ನಗಬೇಡ. ನಾನು ಕೊರೆದ ಮೊದಲ ಕಂಬಿ ಒಣಗಿದ ನುಗ್ಗೇಕಾಯಿಯ ಹಾಗೆ ಸೊಟ್ಟಗೆ ಬಂತು. ಬೆರಳಿಗೆ ಎರಡು ಸಲ ಉಳಿ ತಗುಲಿತು. ಈಗ ಎಲ್ಲ ಕಂಬಿಗಳೂ ಕೂತಿವೆ, ಸ್ಯಾಂಡ್‌ಪೇಪರ್ ಹಾಕಿ ಕೆನ್ನೆಗೆ ಒತ್ತಿ ನೋಡಿದ್ದೇನೆ, ಒಂದು ಸಿಬಿರೂ ಇಲ್ಲ. ಯಾವ ಬದಿ ಅಪ್ಪನದು, ಯಾವುದು ಅಮ್ಮನದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಕೆಲಸ ಮಾಡುವಾಗ ನಾನು ಒಂದು ದಿನವೂ ಅಳಲಿಲ್ಲ ರಚ್ಚು. ಕಣ್ಣು ಮಂಜಾದರೆ ಬೆರಳು ಹೋಗುತ್ತದೆ.

ಗರಾಜಿನಲ್ಲೇ ಆ ಕಲ್ಲೂ ಸಿಕ್ಕಿತು. ನಿನ್ನ ತಮ್ಮ ಅವಿನಾಶ ಹುಟ್ಟಿದಾಗ ನಿನಗೆ ಹನ್ನೊಂದು ವರ್ಷ. ನಾಮಕರಣದಲ್ಲಿ ಮಗುವಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಮಲಗಿಸಬೇಕು, ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಅಂತ. ಮಿಕ್ಸಿ ಇಟ್ಟುಕೊಂಡ ಮನೆಯಲ್ಲಿ ಗುಂಡುಕಲ್ಲು ಎಲ್ಲಿಂದ ತರುವುದು? ಆ ವರ್ಷವೇ ನಾವು ಮೊದಲ ಸಲ ಬೆಟ್ಟಕ್ಕೆ ಹೋಗಿದ್ದು. ನೀನು ಹಳ್ಳಕ್ಕಿಳಿದು ಫ್ರಾಕೆಲ್ಲ ಒದ್ದೆ ಮಾಡಿಕೊಂಡು, ನಡುಗುತ್ತಾ ಆ ಕಲ್ಲು ಎತ್ತಿಕೊಂಡು ಬಂದೆ. ನುಣ್ಣಗೆ, ಉದ್ದಕ್ಕೆ, ಹೇಳಿ ಮಾಡಿಸಿದ ಹಾಗಿತ್ತು. ಬಟ್ಟೆ ಒಗೆಯಲು ಒಯ್ಯುವ ಬುಟ್ಟಿಯೇ ಅವನ ತೊಟ್ಟಿಲಾಯಿತು. ಹದಿನೇಳು ವರ್ಷ ಆ ಕಲ್ಲು ಗರಾಜಿನ ಬಾಗಿಲಿಗೆ ಆತುಕೊಂಡು ಕೂತಿತ್ತು. ತೊಳೆದು ಅರಿಸಿನ ಹಚ್ಚಿದ್ದೇನೆ.

ನನ್ನ ಬಗ್ಗೆ ಯೋಚನೆ ಮಾಡಬೇಡ. ಅವಿನಾಶ ಪ್ರತಿ ಶನಿವಾರ ಕಾಲೇಜಿನಿಂದ ಬಂದುಹೋಗುತ್ತಾನೆ. ಪಕ್ಕದ ಬೀದಿಯ ಗೌರಾಬಾಯಿ ಬರುತ್ತಾರೆ, ಕನ್ನಡ ಸಂಘದವರು ದೀಪಾವಳಿಗೆ ಇನ್ನೂರು ಜನಕ್ಕೆ ಪುಳಿಯೋಗರೆ ಗೊಜ್ಜು ಮಾಡಿಕೊಡಿ ಅನ್ನುತ್ತಿದ್ದಾರೆ. ನನಗೆ ಪುರುಸೊತ್ತೇ ಇಲ್ಲ.

ಆದರೂ ಕೇಳಬೇಕಾದದ್ದನ್ನು ನೇರವಾಗಿ ಕೇಳುತ್ತೇನೆ. ನಿನ್ನ ಅಪಾರ್ಟ್‌ಮೆಂಟಿನಲ್ಲೂ ತೊಲೆ ಇಲ್ಲ. ತೊಟ್ಟಿಲಿಗೆ ನಿಲ್ಲುವ ಚೌಕಟ್ಟು ಬೇಕು, ಅದರ ಎತ್ತರ ನಿನ್ನ ಮಂಚ ನೋಡಿ ಅಳೆಯಬೇಕು. ಮಲಗಿದ್ದಲ್ಲಿಂದಲೇ ಕೈ ಚಾಚಿದರೆ ನಿನಗೆ ಸಿಗಬೇಕು. ಹಲಗೆ ಕೊಯ್ದು ಇಟ್ಟುಕೊಂಡಿದ್ದೇನೆ. ಬಂದರೆ ಚೌಕಟ್ಟು ಮಾಡುತ್ತೇನೆ, ಮೆಣಸಿನ ಸಾರು ಮಾಡುತ್ತೇನೆ, ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತೇನೆ. ಅಳು ಬಂದರೆ ಬಾತ್‌ರೂಮಿಗೆ ಹೋಗಿ ಅತ್ತು ಬರುತ್ತೇನೆ, ನಿನಗೆ ಕೇಳಿಸುವುದಿಲ್ಲ. ನಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ ರಚ್ಚು. ನೀನು ಕರೆಯಬೇಕು. ಒಂದು ಸಲ ಕರೆ.

ಪ್ರತಾಪನಿಗೆ ಆಶೀರ್ವಾದ ತಿಳಿಸು. ಹೊಟ್ಟೆಯ ಮೇಲೆ ಕೈಯಿಟ್ಟು, ಅಜ್ಜಿ ಕೇಳಿದಳು ಎಂದು ಹೇಳು.

ನಿನ್ನ ಪುರುಸೊತ್ತಿಲ್ಲದ
ಅಮ್ಮ

ಮರೆತಿದ್ದೆ: ಲಕೋಟೆಯ ಮೇಲಿನ ಅಂಚೆ ಮುದ್ರೆ ನೋಡಿ ನಿನಗೆ ಹೇಗೂ ಗೊತ್ತಾಗುತ್ತದೆ, ನಾನೇ ಹೇಳಿಬಿಡುತ್ತೇನೆ. ನಾನು ಜರ್ಮನ್‌ಟೌನ್‌ನಲ್ಲಿಲ್ಲ. ನಾರ್ತ್ ಕ್ಯಾರೊಲೈನಾದ ನಮ್ಮ ಅದೇ ಬೆಟ್ಟದ ಕ್ಯಾಬಿನ್ನಿನಲ್ಲೇ ಇದ್ದೇನೆ, ಒಬ್ಬಳೇ. ಅವಿನಾಶ ಆಗಸ್ಟಿನಲ್ಲಿ ಕಾಲೇಜಿಗೆ ಹೋದವನು ಮನೆ ಕಡೆ ಬಂದಿಲ್ಲ. ಗೌರಾಬಾಯಿ ಮಗನ ಮನೆಗೆ ಹೋಗಿ ತಿಂಗಳುಗಳಾದವು. ಗೊಜ್ಜು ಯಾರೂ ಕೇಳಿಲ್ಲ. ಬೆಟ್ಟದ ರಸ್ತೆಯ ತಿರುವುಗಳಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಿದ್ದವಳು ಅಪ್ಪನ ವ್ಯಾನನ್ನು ನಾನೇ ಓಡಿಸಿಕೊಂಡು ಬಂದೆ. ದೀಪಾವಳಿವರೆಗೂ ಇರುತ್ತೇನೆ. ಇಲ್ಲಿಂದ ನಿನ್ನ ಮನೆಗೆ ನಾಲ್ಕೇ ಗಂಟೆಯ ದಾರಿ. ಫೋನು ಕೆಳಗೆ ಕ್ಯಾಬಿನ್ ಬಾಡಿಗೆಗೆ ಕೊಡುವವರ ಆಫೀಸಿನಲ್ಲಿದೆ, ನಂಬರು ಅದೇ. ಸಂಜೆ ಹೊತ್ತು ನಾನು ಅಲ್ಲೇ ಕೂತಿರುತ್ತೇನೆ.

ತೊಟ್ಟಿಲನ್ನು ನಿಮ್ಮಪ್ಪ ನೋಡಿಟ್ಟಿದ್ದ ತೊಲೆಗೇ ಕಟ್ಟಿಸಿದ್ದೇನೆ, ಹಗುರಾಗಿ ಚೆನ್ನಾಗಿ ತೂಗುತ್ತದೆ. ಖಾಲಿ ತೊಟ್ಟಿಲು ತೂಗಬಾರದಲ್ಲ, ಅದಕ್ಕೆ ನಿನ್ನ ಕಲ್ಲನ್ನು ಮಲಗಿಸಿ ಹೊದಿಸಿದ್ದೇನೆ. ಫೋನು ಬಾರದ ದಿನ ಮೇಲೆ ಬಂದು ಅದಕ್ಕೇ ಜೋಗುಳ ಹಾಡುತ್ತೇನೆ.