ಇನ್ನು ಹತ್ತೊಂಬತ್ತು ದಿನ

ಗಜೇಂದ್ರಗಡ, ಗುಡ್ಡದ ಕೆಳಗಿನ ಓಣಿ
ಉರಿಮಾಸದ ಮೂವತ್ತಮೂರನೆಯ ದಿನ, ೨೧೮೭

ಶ್ರೀಮತಿ ಕಸ್ತೂರಿ ಮ್ಯಾಗೇರಿ ಅವರಿಗೆ, ನಿಮ್ಮ ಆರನೆಯ ತಲೆಮಾರಿನ ಕಳಕವ್ವ ಮಾಡುವ ನಮಸ್ಕಾರಗಳು.

ಅಜ್ಜಿ, ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ತಿಂಗಳುಗಳಲ್ಲಿ ಹಿಡಿಸದಷ್ಟು ಬೇಸಿಗೆ ಉದ್ದವಾದ ಮೇಲೆ ನಾವು ಚಳಿಗಾಲದ ಒಂದು ತಿಂಗಳನ್ನು ಕೈಬಿಟ್ಟು, ವೈಶಾಖದ ಬೆನ್ನಿಗೆ ನಲವತ್ತು ದಿನಗಳ ಉರಿಮಾಸವನ್ನು ಸೇರಿಸಿಕೊಂಡೆವು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಕಾಗದಗಳಿಂದ. ಹಾಗಾಗಿ ಒಮ್ಮೊಮ್ಮೆ ಸರಕಾರಿ ನೋಟೀಸು ಮಾತಾಡಿದಂತೆ ಇರುತ್ತದೆ ಎಂದು ನನ್ನ ಮಗಳು ನಗುತ್ತಿದ್ದಳು. ಈಗ ನಗುವವರಿಲ್ಲ. ಆ ವಿಷಯಕ್ಕೇ ಬರುತ್ತೇನೆ.

ನಮ್ಮಲ್ಲಿ ಓದುದಿನ ಎಂಬ ಒಂದು ಆಚರಣೆಯಿದೆ. ವರ್ಷಕ್ಕೊಮ್ಮೆ ಪ್ರತಿ ಮನೆಯವರೂ ಹಿರಿಯರ ಪೆಟ್ಟಿಗೆಯಿಂದ ಒಂದು ಕಾಗದ ತಂದು ಸಭೆಯಲ್ಲಿ ಗಟ್ಟಿಯಾಗಿ ಓದುತ್ತಾರೆ. ಮದುವೆಯ ಕರೆಯೋಲೆ, ವಿದ್ಯುತ್ ಬಿಲ್ಲು, ಔಷಧದ ಚೀಟಿ, ಏನಾದರೂ ನಡೆಯುತ್ತದೆ. ಎರಡು ಬಾರಿ ಮುಳುಗಿ, ಮೂರು ಬಾರಿ ಒಣಗಿದ ನಾಡಿನಲ್ಲಿ ಕಾಗದ ಉಳಿದದ್ದೇ ದೊಡ್ಡದು. ಅದರ ಮೇಲೆ ಬರೆದದ್ದೆಲ್ಲ ನಮಗೆ ಹಿರಿಯರ ಬುದ್ಧಿಮಾತು. ಓದಿದವರು ಬರೆದವರಿಗೆ ಒಂದು ಮಾರುತ್ತರ ಬರೆದು ಅದೇ ಪೆಟ್ಟಿಗೆಯಲ್ಲಿ ಇಡಬೇಕು. ಅದು ತಲುಪುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಾನು ಮೂರು ವರ್ಷ ತಡವಾಗಿ ಬರೆಯುತ್ತಿದ್ದೇನೆ.

ನಾನು ಈ ಊರಿನ ಜ್ವರಕಟ್ಟೆಯವಳು. ನಿಮ್ಮ ಕಾಲದಲ್ಲಿ ಗುಡ್ಡದ ಮೇಲೆ ತಿರುಗುತ್ತಿದ್ದ ಗಾಳಿಯಂತ್ರಗಳ ಕಂಬಗಳಷ್ಟೇ ಈಗ ನಿಂತಿವೆ. ಅವುಗಳಲ್ಲಿ ಒಂದರ ಬುಡದಲ್ಲಿ, ಬೇವಿನ ಮರದ ಕೆಳಗೆ ನಮ್ಮ ಕಟ್ಟೆ. ಬಿಸಿಲು ಏರಿದ ಮೇಲೆ ಯಾರೂ ಹೊರಗೆ ಬರುವಂತಿಲ್ಲವಾದ್ದರಿಂದ ಊರಿನ ಮಗ್ಗಗಳು ನಸುಕಿನಲ್ಲೇ ಶುರುವಾಗುತ್ತವೆ. ಮೈ ಬೆಚ್ಚಗಾದವರು ಮಗ್ಗಕ್ಕೆ ಹೋಗುವ ಬದಲು ಕಟ್ಟೆಗೆ ಬಂದು ಕೂರುತ್ತಾರೆ. ನಾನು ಎರಡೇ ಪ್ರಶ್ನೆ ಕೇಳುತ್ತೇನೆ: ಯಾವತ್ತಿನಿಂದ, ಯಾರ ಜೊತೆ ಉಂಡಿರಿ. ಮದ್ದು, ಹಾಸಿಗೆ, ಮನೆಗೆ ಗಂಜಿ, ಎಲ್ಲವೂ ಒಡಲಪಾಲಿನಿಂದ ಬರುತ್ತದೆ. ಒಡಲಪಾಲು ಎಂದರೆ ನಿಮ್ಮ ಆರೋಗ್ಯ ವಿಮೆಯೇ ಎನ್ನಿ. ಪ್ರತಿ ಮನೆಯೂ ತಿಂಗಳಿಗೆ ಒಂದು ದಿನದ ದುಡಿಮೆಯನ್ನು ಕಟ್ಟೆಗೆ ಕೊಡುತ್ತದೆ, ಅಷ್ಟೆ. ನಮ್ಮ ಹಿಂದಿನವರು ಎರಡನೆಯ ಉಸಿರುಬೇನೆಯಲ್ಲಿ ಅರ್ಧ ಊರನ್ನು ಕಳೆದುಕೊಂಡು ಕಟ್ಟಿದ ವ್ಯವಸ್ಥೆ ಇದು. ಅದನ್ನು ಹಾಳು ಮಾಡಿದ್ದು ನಿಮ್ಮ ಕಾಗದ, ಮತ್ತು ನನ್ನ ಬಾಯಿ.

ಮೂರು ವರ್ಷದ ಹಿಂದಿನ ಓದುದಿನಕ್ಕೆ ನಿಮ್ಮ ಟ್ರಂಕಿನಿಂದ ವಿಮೆಯ ಪಾಲಿಸಿಯನ್ನು ತೆಗೆದುಕೊಂಡು ಹೋದೆ. ಕಂಪನಿಯ ಹೆಸರಿದ್ದ ಮೂಲೆ ಹರಿದುಹೋಗಿತ್ತು. ಅಷ್ಟು ಸಣ್ಣ ಅಕ್ಷರ ಓದಲು ಬರುವವಳು ಊರಿಗೆ ನಾನೊಬ್ಬಳೇ, ಆ ಜಂಬ ಬೇರೆ. ಹಾಡಿನಂತೆ ಓದಿದೆ. ಅದರಲ್ಲಿ 'ಕಾಯುವ ಅವಧಿ' ಎಂಬ ಮಾತು ಬಂತು. ಹೊಸದಾಗಿ ಸೇರಿದವರಿಗೆ ಇಷ್ಟು ದಿನ ಏನೂ ಸಿಗುವುದಿಲ್ಲ, ಆಮೇಲೆ ಸಿಗುತ್ತದೆ ಎಂದು ಅದರ ಅರ್ಥ. ಆಗಷ್ಟೇ ಮುಳುಗಿದ ಕರಾವಳಿಯಿಂದ ಎಂಬತ್ತು ಸಂಸಾರ ನಮ್ಮೂರಿಗೆ ಬಂದಿದ್ದವು. ಅವರ ಪಾಲೂ ನಮ್ಮ ದುಡಿಮೆಯ ಮೇಲೆಯೇ ಬೀಳುತ್ತದೆಂಬ ಗೊಣಗಾಟ ಮೊದಲೇ ಇತ್ತು. ಸಭೆಯ ಹಿರಿಯ ಅಂದಾನಪ್ಪ ಎದ್ದು ನಿಂತ. "ನೋಡ್ರಿ, ಹಿರ್ಯಾರು ಎಷ್ಟು ಶಾಣ್ಯಾರಿದ್ರು! ಹೊಸದಾಗಿ ಬಂದಾವ್ರು ಸ್ವಲ್ಪ ಕಾಯ್ಲಿ ಅಂದಾರ. ಅದ್ರಾಗ ತಪ್ಪೇನೈತಿ?" ಎಂದ. ಎಲ್ಲರೂ ಕೈಯೆತ್ತಿದರು. ಹೊಸಬರು ಎರಡು ಮಳೆಗಾಲ ಕಳೆಯುವ ತನಕ ಕಟ್ಟೆಗೆ ಬರುವಂತಿಲ್ಲ ಎಂದಾಯಿತು. ಅಜ್ಜಿ, ನನ್ನ ಕೈಯೂ ಮೇಲೆಯೇ ಇತ್ತು.

ಆ ಸಂಸಾರಗಳಲ್ಲಿ ಅಂಕೋಲೆಯ ಕಡೆಯ ಸುಮಿತ್ರಾ ಹರಿಕಂತ್ರ ಎಂಬವಳೂ ಒಬ್ಬಳು. ಮೀನಿನ ಬಲೆ ಹೆಣೆದ ಕೈ, ನಮ್ಮ ಮಗ್ಗಕ್ಕೆ ಒಂದೇ ತಿಂಗಳಲ್ಲಿ ಹೊಂದಿಕೊಂಡಿತು. ನನ್ನ ಮಗಳು ಶಶಿಕಲಾಳ ಪಕ್ಕದ ಮಗ್ಗ ಅವಳದು. ಇಬ್ಬರೂ ಒಂದೇ ಬುತ್ತಿಯಿಂದ ಉಣ್ಣುವಷ್ಟು ಗೆಳೆತನ. ನನ್ನ ರೊಟ್ಟಿ ಅವಳಿಗೆ ಗಟ್ಟಿ, ಅವಳ ಗಂಜಿ ಇವಳಿಗೆ ತೆಳು, ದಿನವೂ ಅದೇ ಜಗಳ, ದಿನವೂ ಅದೇ ಊಟ. ಕಟ್ಟೆಗೆ ಬಂದ ಮೂವರು ಹೊಸಬರನ್ನು ನಾನು ನಿಯಮ ಹೇಳಿ ಹಿಂದಕ್ಕೆ ಕಳಿಸಿದ್ದನ್ನು ಸುಮಿತ್ರಾ ಕಣ್ಣಾರೆ ನೋಡಿದ್ದಳು. ಅದನ್ನು ಅವಳು ನನ್ನ ಮುಂದೆ ಎತ್ತಿ ಆಡಲಿಲ್ಲ.

ಕಳೆದ ವರ್ಷ ಮೂರನೆಯ ಉಸಿರುಬೇನೆ ಬಂತು. ಅದಕ್ಕೆ ಮದ್ದಿತ್ತು. ಮೊದಲ ಮೂರು ದಿನದಲ್ಲಿ ಕೊಟ್ಟರೆ ಹೆಚ್ಚಿನವರು ಉಳಿಯುತ್ತಿದ್ದರು. ಸುಮಿತ್ರಾಳಿಗೆ ಕೆಮ್ಮು ಹತ್ತಿದಾಗ ಅವಳ ಎರಡನೆಯ ಮಳೆಗಾಲ ಮುಗಿಯಲು ಹನ್ನೊಂದು ದಿನ ಬಾಕಿ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಮಗ್ಗದ ಮುಂದೆ ಕೂತಳು. ಕೆಮ್ಮು ಬಂದಾಗಲೆಲ್ಲ ಮಗ್ಗವನ್ನು ಜೋರಾಗಿ ಹೊಡೆದಳು. ಆ ಸದ್ದಿನಲ್ಲಿ ಯಾರಿಗೆ ಏನು ಕೇಳಬೇಕು? ಒಂಬತ್ತನೆಯ ದಿನ ಮಗ್ಗದ ನೂಲಿನ ಹಾಸಿನ ಮೇಲೆಯೇ ಕುಸಿದಳು. ಆ ವಾರ ಅದೊಂದೇ ಮಗ್ಗದ ಮನೆಯಿಂದ ಅರವತ್ತು ಜನ ಕಟ್ಟೆಗೆ ಬಂದರು. ನಮ್ಮಲ್ಲಿದ್ದದ್ದು ಹನ್ನೆರಡು ಹಾಸಿಗೆ, ಹನ್ನೆರಡು ಜನಕ್ಕಾಗುವಷ್ಟು ಮದ್ದು. ಮೊದಲು ಬಂದವರಿಗೆ ಮೊದಲು ಎಂಬುದು ಕಟ್ಟೆಯ ನಿಯಮ. ಶಶಿಕಲಾ ಜ್ವರ ಬಂದ ಮರುದಿನವೇ ಬಂದು ಕೂತಿದ್ದಳು. ಅವಳ ಸರದಿ ಹದಿನೇಳನೆಯದು. ಯಾವತ್ತಿನಿಂದ ಎಂದು ಕೇಳಿದೆ, ಯಾರ ಜೊತೆ ಉಂಡೆ ಎಂದು ಕೇಳಿದೆ, ಮನೆಗೆ ಕಳಿಸಿದೆ. ಅವಳ ಪಾಲನ್ನು ಹುಟ್ಟಿದಂದಿನಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ಆರನೆಯ ದಿನ ಹೋದಳು. ಇಪ್ಪತ್ತೆರಡು ವರ್ಷ.

ಮದ್ದಿಲ್ಲದೆಯೂ ಸುಮಿತ್ರಾ ಬದುಕಿದಳು. ಅವಳ ಮುಖ ನೋಡಬಾರದೆಂದು ಎರಡು ತಿಂಗಳು ಓಣಿ ತಪ್ಪಿಸಿ ನಡೆದೆ. ಕೊನೆಗೆ ಅವಳೇ ಬಂದು ಹೊಸ್ತಿಲಾಚೆ ನಿಂತು, "ಹನ್ನೊಂದೇ ದಿವ್ಸ ಇತ್ತು ಅಕ್ಕಾ. ಅಷ್ಟ್ ತಡ್ಕಂಡ್ರೆ ಆಯ್ತು ಅಂದ್ಕಂಡೆ. ನೀ ನನ್ನ ಹಿಂದೆ ಕಳ್ಸೂದು ನಂಗೆ ನೋಡೂಕೆ ಆಗ್ತಿರ್ಲಿಲ್ಲ" ಎಂದಳು. ನಾನು ಬಾಗಿಲು ಹಾಕಿಕೊಂಡೆ. ಅವಳು ನನಗೆ ಮೋಸ ಮಾಡಿದಳೆಂದೇ ಆವತ್ತು ನಂಬಿದ್ದೆ.

ಬೇರೆ ದೇಶಗಳ ಕಟ್ಟೆಯವರ ಜೊತೆ ನಾವು ಸಂಜೆ ರೇಡಿಯೋದಲ್ಲಿ ಮಾತಾಡುತ್ತೇವೆ. ದುಃಖಕ್ಕೆ ಕೆಲಸ ಬೇಕಾಗಿತ್ತು. ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದೆ. ನಿಮ್ಮಲ್ಲಿ ಕೆಮ್ಮು ಹತ್ತಿದವರು ಎಷ್ಟನೆಯ ದಿನ ಬಾಯಿ ಬಿಟ್ಟರು? ಮೀನು ಹಿಡಿದು ಬದುಕುವ ಒಂದು ಪುಟ್ಟ ದ್ವೀಪದಲ್ಲಿ ನಿನ್ನೆ ದೋಣಿಯಿಂದ ಇಳಿದವನಿಗೂ ಪಾಲಿದೆ. ಅಲ್ಲಿ ಎರಡನೆಯ ದಿನ. ಚಂದ್ರನ ಮೇಲೆ ಗುಡಿಸಲು ಹಾಕುವಷ್ಟು ಸಿರಿವಂತ ದೇಶವೊಂದರಲ್ಲಿ ಕೆಲಸವಿದ್ದವರಿಗೆ ಮಾತ್ರ ಪಾಲು, ಕೆಲಸ ಹೋದರೆ ಪಾಲೂ ಹೋಗುತ್ತದೆ. ಅಲ್ಲಿ ಎಂಟನೆಯ ದಿನ. ಇನ್ನೊಂದು ಕಡೆ ಎಲ್ಲರಿಗೂ ಕಾರ್ಡಿದೆ, ಆದರೆ ನಾಲ್ಕು ಕಾಗದ ತೋರಿಸಬೇಕು. ಆರನೆಯ ದಿನ. ಪಾಲೊಂದಿದ್ದರೆ ಬೇನೆ ಹೆದರಿ ಓಡುತ್ತದೆಂದು ನಾನು ಸುಳ್ಳು ಹೇಳಲಾರೆ. ಎಲ್ಲರಿಗೂ ಪಾಲಿದ್ದೂ ಹಾಸಿಗೆ ಸಾಲದೆ, ಮುದುಕರೇ ಹೆಚ್ಚಾಗಿ ಬಹಳ ಜನರನ್ನು ಕಳೆದುಕೊಂಡ ದೇಶವೂ ಇದೆ. ಪಾಲಿಲ್ಲದೆಯೂ ಗುಡ್ಡಗಾಡಿನ ದೂರದಿಂದ ಬಚಾವಾದವರೂ ಇದ್ದಾರೆ. ಆದರೆ ಯಾರನ್ನಾದರೂ ಹೊರಗಿಟ್ಟ ಕಡೆಯೆಲ್ಲ ಹೊರಗಿದ್ದವರು ಕೆಮ್ಮನ್ನು ಬಚ್ಚಿಟ್ಟರು, ಬಚ್ಚಿಟ್ಟ ಕೆಮ್ಮು ಒಳಗಿದ್ದವರ ಮನೆಗೂ ಬಂತು. ನನಗೆ ತಿಳಿದದ್ದು ಇಷ್ಟು.

ಇದೆಲ್ಲ ತಿಳಿದ ಮೇಲೂ ನಿಮ್ಮ ಮೇಲೆ ನನಗೆ ಸಿಟ್ಟಿರಲಿಲ್ಲ. ನಿಮ್ಮ ಕಾಲವೇ ಬೇರೆ, ನಿಮಗೆ ಗೊತ್ತಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಮೊನ್ನೆ ಆ ಪಾಲಿಸಿಯನ್ನು ಸುಟ್ಟುಬಿಡೋಣವೆಂದು ತೆಗೆದೆ. ಕೊನೆಯ ಎರಡು ಹಾಳೆಗಳು ತೇವಕ್ಕೆ ಅಂಟಿಕೊಂಡಿದ್ದವು. ಬಿಡಿಸಿ ಬೆಳಕಿಗೆ ಹಿಡಿದರೆ ಹಿಂಬದಿಯಲ್ಲಿ ಪೆನ್ಸಿಲ್ಲಿನ ಬರಹ, ಇದೆಯೋ ಇಲ್ಲವೋ ಎಂಬಂತೆ. ನಿಮ್ಮ ಅಕ್ಷರ. "ಮೇ ೨೦೨೧. ಪಾಲಿಸಿ ಮಾಡಿಸಿ ಹನ್ನೊಂದು ದಿನ ಆಗಿತ್ತು. ಮೂವತ್ತು ದಿನ ಕಾಯಬೇಕಂತ. ಇನ್ನು ಹತ್ತೊಂಬತ್ತು ದಿನ ಅಂತ ಅವ್ವ ಜ್ವರ ಮುಚ್ಚಿಟ್ಟುಕೊಂಡು ಕ್ಯಾಲೆಂಡರ್ ನೋಡಿಕೋತ ಕೂತಳು. ಕೇಳಿದರ ಆರಾಮ ಅದೀನಿ ಅಂತಿದ್ದಳು. ಹೋದಳು. ಬಾಜೂಮನಿಯವರೂ ಇಬ್ಬರು ಹೋದರು."

ನಿಮಗೆ ಗೊತ್ತಿತ್ತು, ಅಜ್ಜಿ! ಎಲ್ಲ ಗೊತ್ತಿತ್ತು. ನಿಮ್ಮ ಅವ್ವ ಎಣಿಸಿದ ದಿನಗಳನ್ನೇ ಸುಮಿತ್ರಾ ಎಣಿಸಿದಳು. ಆ ಹಾಳೆಯ ಮುಂಬದಿಯಲ್ಲಿ ಮುಂದಿನ ಆರು ವರ್ಷಗಳ ನವೀಕರಣದ ಮುದ್ರೆ ಸಾಲಾಗಿ ಬಿದ್ದಿದೆ. ನೀವು ಅತ್ತು, ಯಾರಿಗೂ ಕಾಣದ ಕಡೆ ನಾಲ್ಕು ಸಾಲು ಗೀಚಿ, ಕಾಗದವನ್ನು ಜೋಪಾನವಾಗಿ ಮಡಚಿ ಟ್ರಂಕಿನಲ್ಲಿಟ್ಟಿರಿ. ನಿಯಮವನ್ನು ಅಚ್ಚಿನಲ್ಲಿ ಕೊಟ್ಟಿರಿ, ಅದರಿಂದ ಆದದ್ದನ್ನು ಪೆನ್ಸಿಲ್ಲಿನಲ್ಲಿ ಕೊಟ್ಟಿರಿ. ಸುಮಿತ್ರಾಳ ಮೇಲೆ ಹೊರಿಸಿದ್ದ ಮೋಸವನ್ನು ಎತ್ತಿ ನಿಮ್ಮ ಮೇಲೆ ಹಾಕಿದೆ. ಅರ್ಧ ದಿನ ಹಾಗೇ ಇದ್ದೆ. ಹಾಳೆ ತಿರುವದೆ ಓದಿದವಳು ಯಾರು, ಕೈಯೆತ್ತಿದವಳು ಯಾರು ಎಂಬುದು ಆಮೇಲೆ ನೆನಪಾಯಿತು. ಅದರಿಂದ ನಿಮ್ಮ ಪಾಲಿನ ತಪ್ಪು ಕಡಿಮೆಯಾಗಲಿಲ್ಲ.

ನಾಳೆ ನಸುಕಿಗೆ ಮತ್ತೆ ಸಭೆ. ಬೇನೆ ತಂದವರೇ ಹೊಸಬರು, ಎರಡು ಮಳೆಗಾಲ ಸಾಲದು, ನಾಲ್ಕು ಮಾಡಬೇಕು ಎಂದು ಅಂದಾನಪ್ಪ ಎಲ್ಲರ ಕಿವಿಯಲ್ಲಿ ಊದಿದ್ದಾನೆ. ನಿನ್ನೆ ನನ್ನ ಮನೆಗೂ ಬಂದಿದ್ದ. "ನೀ ಮಗಳ್ನ ಕಳ್ಕೊಂಡಾಕಿ ಕಳಕವ್ವ. ನೀ ಎದ್ದು ನಿಂತ್ರ ಸಾಕು, ಯಾರೂ ಎದುರು ಮಾತಾಡೂದಿಲ್ಲ" ಎಂದ. ಅವನು ಹೇಳಿದ್ದು ನಿಜ. ಆ ಎಂಬತ್ತು ಸಂಸಾರಗಳ ಬೆನ್ನಿಗೆ ಬಂದು ಈಗ ನಮ್ಮೂರಿನಲ್ಲಿ ಕಾಯುತ್ತಿರುವ ಹೊಸಬರು ನಾನೂರು ಜನ. ಅವರಲ್ಲಿ ಯಾರು ಇವತ್ತು ಸೆರಗಿನಲ್ಲಿ ಕೆಮ್ಮುತ್ತಿದ್ದಾರೋ ನನಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯನ್ನು ನಾನೇ ಮುಚ್ಚಿದ್ದೇನೆ.

ನಾಳೆ ಎದ್ದು ನಿಲ್ಲುತ್ತೇನೆ. ಅಂದಾನಪ್ಪನ ಮಾತಿನಂತೆ ಯಾರೂ ಎದುರಾಡಲಿಕ್ಕಿಲ್ಲ. ನಿಮ್ಮ ಕಾಗದದ ಹಿಂಬದಿಯನ್ನು ಓದುತ್ತೇನೆ. ಇವತ್ತು ಸಂಜೆ ಸುಮಿತ್ರಾಳ ಮನೆಗೆ ಹೋಗಿ ಅವಳನ್ನೂ ಕರೆದೆ. ಅವಳು ಒಳಗೆ ಕೂರಿಸಿ ಗಂಜಿ ಬಡಿಸಿದಳು. ಅದು ನಿಜಕ್ಕೂ ತೆಳುವೇ.

ಈ ಮಾರುತ್ತರ ನಿಮಗೆ ತಲುಪುವುದಾದರೆ, ನಿಮ್ಮ ಅವ್ವ ಹೋದ ಆ ವಾರವೇ ತಲುಪಲಿ ಎಂದು ಬೇಡಿಕೊಳ್ಳುತ್ತೇನೆ. ನೀವು ಟ್ರಂಕಿನ ಮುಂದೆ ಪೆನ್ಸಿಲ್ ಹಿಡಿದು ಕೂತಿರುತ್ತೀರಿ. ಅವ್ವನನ್ನು ಉಳಿಸಿಕೊಡಿ ಎಂದು ನಾನು ಕೇಳುತ್ತಿಲ್ಲ, ಅದು ನಿಮ್ಮ ಕೈಮೀರಿ ಹೋಗಿದೆ. ಹಾಳೆಯನ್ನು ಮುಂಬದಿಗೆ ತಿರುಗಿಸಿ. ಅಚ್ಚಿನ ಮೇಲೆಯೇ ಬರೆಯಿರಿ, ಶಾಯಿಯಲ್ಲಿ, ಒತ್ತಿ, ದಪ್ಪಗೆ. ಅಷ್ಟು ಮೆಲ್ಲಗೆ ಬರೆಯಬೇಡಿ, ಅಜ್ಜಿ. ನನಗೆ ಕಾಣಿಸಲಿಲ್ಲ.

ನಿಮ್ಮವಳೇ ಆದ,
ಕಳಕವ್ವ ಮ್ಯಾಗೇರಿ